ಹ್ಯಾಲೊಜೆನ್‌ನಿಂದ ಎಚ್‌ಐಡಿಗೆ: ಕಾರಿನ ಹೆಡ್‌ಲೈಟ್ ಬದಲಿಸುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನೊಳಗೆ ಓಡಾಡುವಷ್ಟು ದಿನ ಹೆಡ್‌ಲೈಟ್ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಬೀದಿದೀಪ, ಅಂಗಡಿ ಬೋರ್ಡು, ಮುಂದಿನ ಗಾಡಿಯ ಬೆಳಕು ಎಲ್ಲಾ ಸೇರಿ ದಾರಿ ಕಾಣುತ್ತದೆ. ನೆಲಮಂಗಲ ದಾಟಿ ಹಾಸನದ ಕಡೆ ತಿರುಗಿದ ಮೇಲೆ, ಇಲ್ಲವೇ ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ಕಳೆದ ಮೇಲೆ ಕಥೆ ಬೇರೆ. ಬಣ್ಣ ಬಳಿಯದ ಹಂಪು, ಹಿಂದೆ ಕೆಂಪು ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್, ರಸ್ತೆಯಂಚಿಗೆ ನಿಂತ ದನ. ಹತ್ತಿರ ಬರುವವರೆಗೂ ಯಾವುದೂ ಕಣ್ಣಿಗೆ ಬೀಳುವುದಿಲ್ಲ. ಊರಿಗೆ ಹೋಗಿ ಬಂದ ಮೇಲೆ ಜೆ.ಸಿ. ರೋಡಿಗೆ ಹೋಗಿ ಎಚ್‌ಐಡಿ (ಫಿಲಮೆಂಟಿನ ಬದಲು ವಿದ್ಯುತ್ ಕಿಡಿಯಿಂದ ಬೆಳಗುವ ದೀಪ, ಕ್ಸೆನಾನ್ ಎಂದೂ ಕರೆಯುತ್ತಾರೆ) ಕಿಟ್ ಕೇಳುವವರು ತುಂಬಾ ಜನ.

ಅಂಗಡಿಯವರು ಅರ್ಧ ಗಂಟೆಯಲ್ಲಿ ಹಾಕಿಯೂ ಕೊಡುತ್ತಾರೆ. ಹಳೆಯ ಹ್ಯಾಲೊಜೆನ್ ಬಲ್ಬ್ ಕಿತ್ತು, ಅದೇ ಜಾಗಕ್ಕೆ ಎಚ್‌ಐಡಿ ಬಲ್ಬ್ ತುರುಕಿ, ಬ್ಯಾಲಸ್ಟ್‌ಗೆ (ಬಲ್ಬಿಗೆ ಬೇಕಾದ ವೋಲ್ಟೇಜ್ ಕೊಡುವ ಪೆಟ್ಟಿಗೆ) ಒಂದು ಪ್ಲಾಸ್ಟಿಕ್ ಟ್ಯಾಗ್ ಬಿಗಿದರೆ ಕೆಲಸ ಮುಗಿಯಿತು. ಈ ಲೇಖನ ಬರೆಯುತ್ತಿರುವುದೇ ಹಾಗೆ ಮಾಡಿಸಬೇಡಿ ಎಂದು ಹೇಳುವುದಕ್ಕೆ, ಮತ್ತು ಸರಿಯಾದ ದಾರಿ ಯಾವುದು ಎಂದು ತೋರಿಸುವುದಕ್ಕೆ. ಬಲ್ಬ್ ಬೆಳಕನ್ನು ಹುಟ್ಟಿಸುತ್ತದೆ, ಅಷ್ಟೇ. ಅದನ್ನು ರಸ್ತೆಯ ಮೇಲೆ ಎಲ್ಲಿ ಹಾಕಬೇಕು, ಎದುರಿನವರ ಕಣ್ಣಿಗೆ ಹೇಗೆ ಬೀಳದಂತೆ ತಡೆಯಬೇಕು ಎನ್ನುವುದು ಅದರ ಸುತ್ತಲಿನ ರಿಫ್ಲೆಕ್ಟರ್ (ಹಿಂದಿನ ಹೊಳಪಿನ ಕನ್ನಡಿ) ಅಥವಾ ಪ್ರೊಜೆಕ್ಟರ್‌ನ (ಮುಂದೆ ಲೆನ್ಸ್ ಇರುವ ಘಟಕ) ಕೆಲಸ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಿದರೆ ನಿಮಗೂ ತೊಂದರೆ, ಎದುರಿಗೆ ಬರುವವರಿಗೆ ಇನ್ನೂ ಜಾಸ್ತಿ ತೊಂದರೆ.

ಒಂದು ಎಚ್4 ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ

ನಮ್ಮಲ್ಲಿ ಸಣ್ಣ ಕಾರುಗಳಲ್ಲಿ ಬಹುಪಾಲು ಇರುವುದು ಎಚ್4. 1971ರಿಂದ ಬಳಕೆಯಲ್ಲಿರುವ ಬಲ್ಬ್ ಇದು. ಗಾಜಿನೊಳಗೆ ಎರಡು ಫಿಲಮೆಂಟ್ ಕಾಣುತ್ತವೆ. ಬುಡದ ಕಡೆ ಇರುವುದು ಹೈ ಬೀಮ್‌ಗೆ, ತುದಿಯ ಕಡೆ ಇರುವುದು ಲೋ ಬೀಮ್‌ಗೆ. ಲೋ ಬೀಮ್ ಫಿಲಮೆಂಟಿನ ಕೆಳಗೆ ಪುಟ್ಟದೊಂದು ಲೋಹದ ಬಟ್ಟಲು ಇದೆ, ನೋಡಿ. ಕೆಳಗೆ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಹಾಗಾಗಿ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬಿದ್ದು, ಅಲ್ಲಿಂದ ರಸ್ತೆಗೆ ಇಳಿಯುತ್ತದೆ. ಬಟ್ಟಲಿನ ಒಂದು ಅಂಚು ಮಾತ್ರ 15 ಡಿಗ್ರಿಯಷ್ಟು ಓರೆ. ರಸ್ತೆಯ ಎಡ ಅಂಚಿನಲ್ಲಿ ನಡೆಯುವವರು, ಸೈಕಲ್ಲಿನವರು ಸ್ವಲ್ಪ ದೂರದಿಂದಲೇ ಕಾಣಲಿ ಎಂದು ಮಾಡಿದ ಏರ್ಪಾಡು ಅದು.

ಈಗ ಕಿಟ್‌ನಲ್ಲಿ ಬರುವ ಎಚ್4 ಎಚ್‌ಐಡಿ ಬಲ್ಬ್ ನೋಡಿ. ಅದರಲ್ಲಿ ಫಿಲಮೆಂಟೇ ಇಲ್ಲ. ಎರಡು ಎಲೆಕ್ಟ್ರೋಡ್ ನಡುವೆ ಸುಮಾರು 4 ಮಿಲಿಮೀಟರ್ ಉದ್ದದ ವಿದ್ಯುತ್ ಕಿಡಿ, ಸ್ವಲ್ಪ ಬಾಗಿದ ಆಕಾರದಲ್ಲಿ ಉರಿಯುತ್ತದೆ. ಅದರ ಆಕಾರ ಬೇರೆ, ಬೆಳಕು ಚೆಲ್ಲುವ ರೀತಿ ಬೇರೆ. ಬಟ್ಟಲಿನ ಬದಲು ಒಂದು ತಗಡಿನ ಮರೆ ಇರಬಹುದು, ಇಲ್ಲದೆಯೂ ಇರಬಹುದು. ಹೈ-ಲೋ ಬದಲಿಸಲು ಇಡೀ ಬಲ್ಬನ್ನೇ ಒಂದು ಮ್ಯಾಗ್ನೆಟ್ ಹಿಂದೆ ಮುಂದೆ ಎಳೆಯುತ್ತದೆ. ಫಿಲಮೆಂಟಿನ ಜಾಗವನ್ನು ಮಿಲಿಮೀಟರಿನ ಲೆಕ್ಕದಲ್ಲಿ ನೋಡಿ ಮಾಡಿದ ರಿಫ್ಲೆಕ್ಟರಿಗೆ ಇದನ್ನು ಹಾಕಿದರೆ ಬೆಳಕು ಕಂಡಕಂಡ ಕಡೆ ಹಾರುತ್ತದೆ. ಮರದ ಕೊಂಬೆ, ಬೋರ್ಡು, ಎದುರಿನ ಸ್ಕೂಟರಿನವರ ಕಣ್ಣು ಎಲ್ಲಾ ಫಳಫಳ. ರಸ್ತೆಯ ದೂರದ ಭಾಗಕ್ಕೆ ಮಾತ್ರ ಹೋಗಬೇಕಾದಷ್ಟು ಬೆಳಕು ಹೋಗುವುದಿಲ್ಲ.

ಅದರ ಜೊತೆಗೆ ಇನ್ನೊಂದಿದೆ. ಬಾನೆಟ್ ಮುಂದೆಯೇ ಹತ್ತು ಮೀಟರಿನೊಳಗೆ ಬಿಳಿ ಬೆಳಕು ಸುರಿದರೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಆಗ ದೂರದ ಮಸುಕು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. "ಸಖತ್ ಬ್ರೈಟ್ ಆಗಿದೆ, ಆದ್ರೂ ದೂರ ಕಾಣಲ್ಲ" ಎಂದು ಜನ ಹೇಳುವುದು ಇದಕ್ಕೇ.

ಕಾನೂನಿನ ಮಾತು ಮೊದಲೇ ಆಗಲಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮೂಲತಃ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಕಣ್ಣು ಕುಕ್ಕುವ ದೀಪದ ಬಗ್ಗೆ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಬೇರೆಯೇ ನಿಯಮ ಇದೆ. ಕರ್ನಾಟಕ ಪೊಲೀಸರು 2024ರ ಜುಲೈನಿಂದ ಇಂಥ ದೀಪಗಳ ಮೇಲೆ ವಿಶೇಷವಾಗಿ ಕೇಸು ಹಾಕಲು ಶುರು ಮಾಡಿದರು. ಎಫ್‌ಸಿಗೆ ಹೋದಾಗ ಆರ್‌ಟಿಒ ಇನ್ಸ್‌ಪೆಕ್ಟರ್ ಕೂಡ ಹೆಡ್‌ಲೈಟ್ ನೋಡುತ್ತಾರೆ.

ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಎಚ್‌ಐಡಿ ಬಲ್ಬ್ ತುರುಕುವುದು ಯಾವ ರೀತಿಯಲ್ಲೂ ಸರಿಯಲ್ಲ. ಪ್ರೊಜೆಕ್ಟರ್ ಕೂರಿಸಿ ಅಚ್ಚುಕಟ್ಟಾಗಿ ಮಾಡಿದರೂ ಕಾನೂನಿನ ಕಣ್ಣಿಗೆ ಅದು ಮಾರ್ಪಾಡೇ. ಮಾಡಿಸುವ ಮುಂಚೆ ನಿಮ್ಮ ಆರ್‌ಟಿಒದಲ್ಲಿ ಕೇಳಿ, ಒಪ್ಪಿಗೆಯಿದ್ದರೆ ಬರಹದಲ್ಲಿ ಪಡೆಯಿರಿ, ಇನ್ಶೂರೆನ್ಸ್ ಕಂಪನಿಗೂ ತಿಳಿಸಿ. ವಾರಂಟಿ ಇರುವ ಹೊಸ ಕಾರಾದರೆ ವೈರಿಂಗಿಗೆ ಕೈ ಹಾಕಲೇಬೇಡಿ. ನಿಮ್ಮ ಕಾರಿನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಪ್ರೊಜೆಕ್ಟರ್ ಹೆಡ್‌ಲೈಟ್ ಕೊಟ್ಟಿದ್ದರೆ ಮೊದಲು ಅದರ ಬಗ್ಗೆ ಸರ್ವೀಸ್ ಸೆಂಟರಿನಲ್ಲಿ ವಿಚಾರಿಸಿ. ಕಡಿಮೆ ರಗಳೆಯ ದಾರಿ ಅದೇ.

ಕೆಳಗಿನ ಮೊದಲ ಎರಡು ಹಂತಗಳಿಗೆ ಕಾನೂನಿನ ಈ ತಲೆನೋವು ಇಲ್ಲ (ವಾರಂಟಿ ಇರುವ ಕಾರಾದರೆ ಎರಡನೆಯ ಹಂತದ ವೈರಿಂಗ್ ಬೇಡ). ಬಲ್ಬಿನ ವ್ಯಾಟ್ ಬದಲಾಗುವುದಿಲ್ಲ, ಹೆಡ್‌ಲೈಟಿನ ರೂಪವೂ ಬದಲಾಗುವುದಿಲ್ಲ. ತುಂಬಾ ಜನರಿಗೆ ಅಷ್ಟರಲ್ಲೇ ಸಾಕೆನಿಸುತ್ತದೆ. ಹಾಗಾಗಿ ಎಚ್‌ಐಡಿ ಹಾಕಿಸುವುದು ಗ್ಯಾರಂಟಿ ಎಂದು ತೀರ್ಮಾನಿಸಿದವರೂ ಅವೆರಡನ್ನು ಬಿಡಬೇಡಿ.

ಹಂತ 1: ಇರುವ ಬೆಳಕು ಎಲ್ಲಿ ಸೋರುತ್ತಿದೆ, ಹುಡುಕಿ

ಒಂದು ಮಲ್ಟಿಮೀಟರ್ ತೆಗೆದುಕೊಳ್ಳಿ. ಎಸ್.ಪಿ. ರೋಡಿನಲ್ಲಿ ಸಿಗುವ ಸಾಧಾರಣ ಮೀಟರೇ ಸಾಕು. ಇಂಜಿನ್ ಸ್ಟಾರ್ಟ್ ಮಾಡಿ, ಲೋ ಬೀಮ್ ಹಾಕಿ, ಬ್ಯಾಟರಿಯ ಎರಡು ತುದಿಗಳ ನಡುವೆ ವೋಲ್ಟೇಜ್ ನೋಡಿ. 13.8ರಿಂದ 14.2ರ ಆಸುಪಾಸು ಇರಬೇಕು. ಆಮೇಲೆ ಬಲ್ಬ್ ಉರಿಯುತ್ತಿರುವಾಗಲೇ, ಕಪ್ಲರಿನ (ಬಲ್ಬಿಗೆ ಚುಚ್ಚುವ ಪ್ಲಗ್) ಹಿಂದಿನಿಂದ ಮೀಟರಿನ ಕಡ್ಡಿಗಳನ್ನು ತಾಗಿಸಿ ಬಲ್ಬಿಗೆ ಎಷ್ಟು ತಲುಪುತ್ತಿದೆ ನೋಡಿ. ಬಲ್ಬ್ ಕಿತ್ತು ಅಳೆದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಲೋಡ್ ಇಲ್ಲದಾಗ ವೋಲ್ಟೇಜ್ ಪೂರ್ತಿ ತೋರಿಸುತ್ತದೆ.

ಹಳೆಯ ಕಾರುಗಳಲ್ಲಿ ಇಲ್ಲಿ 12 ಅಥವಾ ಅದಕ್ಕೂ ಕಡಿಮೆ ಸಿಗಬಹುದು. ಹೆಡ್‌ಲೈಟಿನ ಕರೆಂಟೆಲ್ಲ ಸ್ಟೀರಿಂಗ್ ಪಕ್ಕದ ಸ್ವಿಚ್ಚಿನ ಮೂಲಕ, ತೆಳು ವೈರಿನಲ್ಲಿ ಸುತ್ತಿಬಳಸಿ ಬರುವುದೇ ಕಾರಣ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ನೇರ ಲೆಕ್ಕದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ. 13.2 ವೋಲ್ಟಿನಲ್ಲಿ ಎಚ್4 ಲೋ ಬೀಮ್ ಸುಮಾರು 1000 ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಕೊಡುತ್ತದೆ. ಅದೇ ಬಲ್ಬಿಗೆ 12 ವೋಲ್ಟ್ ಸಿಕ್ಕರೆ ಕಾಲು ಭಾಗಕ್ಕಿಂತ ಹೆಚ್ಚು ಬೆಳಕು ಹೋಯಿತು ಅಂತಲೇ ಲೆಕ್ಕ.

ಮುಂದಿನ ಗ್ಲಾಸನ್ನೂ ನೋಡಿ. ಅದು ಗಾಜಲ್ಲ, ಪಾಲಿಕಾರ್ಬೊನೇಟ್. ಬಿಸಿಲಲ್ಲೇ ನಿಲ್ಲುವ ಕಾರಿನಲ್ಲಿ ಕೆಲವು ವರ್ಷಕ್ಕೆ ಹಳದಿ ತಿರುಗುತ್ತದೆ. ನೀರು ಹಾಕುತ್ತಾ 800, 1500, 2000, ಕೊನೆಗೆ 3000 ನಂಬರಿನ ಎಮರಿ ಪೇಪರಿನಲ್ಲಿ ತಿಕ್ಕಿ, ಪಾಲಿಶ್ ಹಾಕಿದರೆ ಹೊಸದರಂತೆ ಆಗುತ್ತದೆ. ತಿಕ್ಕಿದಾಗ ಅದರ ಮೇಲಿದ್ದ ಯುವಿ ಪದರ ಹೋಗಿರುತ್ತದೆ. ಮತ್ತೆ ಯುವಿ ಕೋಟಿಂಗ್ ಹೊಡೆಯದಿದ್ದರೆ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಕೆಟ್ಟದಾಗುತ್ತದೆ. ರಿಫ್ಲೆಕ್ಟರಿನ ಬೆಳ್ಳಿ ಪದರವೇ ಸುಟ್ಟು ಮಸುಕಾಗಿದ್ದರೆ ಮಾತ್ರ ಪಾಲಿಶ್ ಉಪಯೋಗಕ್ಕೆ ಬರುವುದಿಲ್ಲ, ಅಸೆಂಬ್ಲಿಯನ್ನೇ ಬದಲಿಸಬೇಕು.

ಹಂತ 2: ರಿಲೇ ವೈರಿಂಗ್

ಬ್ಯಾಟರಿಯಿಂದ ನೇರವಾಗಿ ದಪ್ಪ ವೈರಿನಲ್ಲಿ ಕರೆಂಟ್ ತಂದು, ಹಳೆಯ ಸ್ವಿಚ್ಚಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು) ಎಳೆಯುವ ಕೆಲಸ ಮಾತ್ರ ಬಿಡುವುದು. ಇಷ್ಟೇ ವಿಷಯ. ಎಚ್4 ರಿಲೇ ಹಾರ್ನೆಸ್ (ರಿಲೇ ಜೋಡಿಸಿದ ವೈರಿನ ಗೊಂಚಲು) ಎಂದು ಕೇಳಿದರೆ ಸಿದ್ಧವಾಗಿಯೇ ಸಿಗುತ್ತದೆ. ತೆಗೆದುಕೊಳ್ಳುವಾಗ ವೈರು ಕನಿಷ್ಠ 2.5 ಚದರ ಮಿ.ಮೀ. ದಪ್ಪ ಇದೆಯೇ, ಹೈ ಮತ್ತು ಲೋಗೆ ಬೇರೆ ಬೇರೆ ರಿಲೇ ಇದೆಯೇ, ಹೋಲ್ಡರ್ ಪಿಂಗಾಣಿಯದೇ ನೋಡಿ. ಫ್ಯೂಸ್ ಬ್ಯಾಟರಿಗೆ ಒಂದು ಗೇಣಿನೊಳಗೆ ಇರಬೇಕು. ಫ್ಯೂಸಿಗಿಂತ ಮೊದಲಿನ ವೈರು ಎಲ್ಲಾದರೂ ಬಾಡಿಗೆ ತಾಗಿ ಉಜ್ಜಿದರೆ ಬೆಂಕಿಯೇ ಗತಿ.

ಕಪ್ಲರ್ ಚುಚ್ಚುವ ಮುಂಚೆ ಒಂದು ಪರೀಕ್ಷೆ ಮಾಡಿ. ಕಾರಿನ ಹಳೆಯ ಕಪ್ಲರನ್ನು ಬಲ್ಬಿನಿಂದ ಬಿಡಿಸಿ, ಲೈಟ್ ಆನ್ ಮಾಡಿ, ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿ ನೆಗೆಟಿವ್‌ಗೆ ಇಟ್ಟು ಮೂರು ಪಿನ್‌ಗಳನ್ನೂ ನೋಡಿ. ಹೈ-ಲೋ ಯಾವುದೇ ಇರಲಿ ಒಂದೇ ಪಿನ್ನಿನಲ್ಲಿ 12 ವೋಲ್ಟ್ ನಿಂತಿದ್ದರೆ ನಿಮ್ಮ ಕಾರು ನೆಗೆಟಿವ್ ಕಡೆಯಿಂದ ಸ್ವಿಚ್ ಆಗುವಂಥದ್ದು. ಹೈ-ಲೋ ಬದಲಿಸಿದಂತೆ ವೋಲ್ಟೇಜ್ ಪಿನ್ ಬದಲಿಸಿದರೆ ಪಾಸಿಟಿವ್ ಕಡೆಯದ್ದು. ಮೊದಲನೆಯ ಬಗೆಯಲ್ಲಿ ರಿಲೇಯ 86ನೇ ನಂಬರಿನ ಪಿನ್ನನ್ನು ಆ ಕಾಮನ್ ಪಾಸಿಟಿವ್‌ಗೂ 85ನ್ನು ಲೋ ಪಿನ್ನಿಗೂ ಕೊಡಬೇಕು. ಎರಡನೆಯದರಲ್ಲಿ 86 ಲೋ ಪಿನ್ನಿಗೆ, 85 ಅರ್ಥ್‌ಗೆ. ಹೈ ಬೀಮ್ ರಿಲೇಗೂ ಇದೇ ಕ್ರಮ. 30ಕ್ಕೆ ಫ್ಯೂಸ್ ದಾಟಿ ಬಂದ ಬ್ಯಾಟರಿ ವೈರು, 87ರಿಂದ ಬಲ್ಬಿಗೆ. ಇದನ್ನು ಅಳೆಯದೆ ಸುಮ್ನೆ ಜೋಡಿಸಿದಾಗಲೇ "ಹಾರ್ನೆಸ್ ಡಿಫೆಕ್ಟ್ ಪೀಸು" ಎಂದು ಅಂಗಡಿಗೆ ವಾಪಸ್ ಹೋಗುವುದು.

ಬಲ್ಬಿನ ವಿಷಯಕ್ಕೆ ಬಂದರೆ, 60/55 ವ್ಯಾಟಿನಲ್ಲೇ ಒಳ್ಳೆಯ ಕಂಪನಿಯ ಹೆಚ್ಚು ಬೆಳಕಿನ ಬಲ್ಬುಗಳು ಬರುತ್ತವೆ. ಓಸ್ರಾಮ್ ನೈಟ್ ಬ್ರೇಕರ್, ಫಿಲಿಪ್ಸ್ ಎಕ್ಸ್‌ಟ್ರೀಮ್ ವಿಷನ್ ಅಂಥವು. ಬಾಳಿಕೆ ಮಾಮೂಲಿ ಬಲ್ಬಿಗಿಂತ ಕಡಿಮೆ, ಬೆಳಕು ಚೆನ್ನಾಗಿರುತ್ತದೆ. 100/90 ವ್ಯಾಟಿನ ಬಲ್ಬಿಗೆ ಮಾತ್ರ ಹೋಗಬೇಡಿ. ಬಿಸಿಗೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ.

ಇಷ್ಟು ಮಾಡಿ ಒಂದು ರಾತ್ರಿ ಹೈವೇಯಲ್ಲಿ ಓಡಿಸಿ ನೋಡಿ. ಇದರಲ್ಲೇ ತೃಪ್ತಿಯಾದರೆ ಇಲ್ಲಿಗೇ ನಿಲ್ಲಿಸಿ ಎನ್ನುವುದು ನನ್ನ ಸಲಹೆ. ಇನ್ನೂ ಬೇಕು, ಒಪ್ಪಿಗೆಯ ವಿಚಾರವೂ ಇತ್ಯರ್ಥವಾಗಿದೆ ಎನ್ನುವವರು ಮುಂದೆ ಓದಿ.

ಹಂತ 3: ಸಾಮಾನು ಆರಿಸುವುದು

ಎಚ್‌ಐಡಿಯನ್ನು ಕಾರಿಗೆ ಮೊದಲು ತಂದದ್ದು 1991ರ ಬಿಎಂಡಬ್ಲ್ಯು 7 ಸೀರೀಸ್. 35 ವ್ಯಾಟಿನ ಡಿ2ಎಸ್ ಬಲ್ಬ್ (ಎಚ್‌ಐಡಿ ಬಲ್ಬಿನ ಒಂದು ಬಗೆ) ಸುಮಾರು 3200 ಲ್ಯೂಮೆನ್ ಕೊಡುತ್ತದೆ. 55 ವ್ಯಾಟಿನ ಎಚ್7 ಹ್ಯಾಲೊಜೆನ್ ಕೊಡುವುದು 1500. ಕಡಿಮೆ ಕರೆಂಟಿಗೆ ಎರಡು ಪಟ್ಟಿಗೂ ಜಾಸ್ತಿ ಬೆಳಕು. ಹಾಗಾಗಿಯೇ 55 ವ್ಯಾಟಿನ ಎಚ್‌ಐಡಿ ಕಿಟ್‌ನ ಅಗತ್ಯ ಯಾರಿಗೂ ಇಲ್ಲ. ಪ್ರೊಜೆಕ್ಟರಿನ ಒಳಗಿನ ಬಟ್ಟಲನ್ನು ಅದು ಸುಡುತ್ತದೆ.

ಮುಖ್ಯವಾಗಿ ಬೇಕಾಗುವುದು ಬೈ-ಕ್ಸೆನಾನ್ ಪ್ರೊಜೆಕ್ಟರ್, ಅಂದರೆ ಒಂದೇ ಬಲ್ಬಿನಲ್ಲಿ ಹೈ, ಲೋ ಎರಡೂ ಕೊಡುವಂಥದ್ದು. ಒಳಗೆ ಒಂದು ತಗಡಿನ ಶಟರ್ ಇರುತ್ತದೆ. ಲೋನಲ್ಲಿ ಅದು ಬೆಳಕಿನ ಕೆಳಗಿನ ಭಾಗಕ್ಕೆ ಅಡ್ಡ ನಿಲ್ಲುತ್ತದೆ, ಲೆನ್ಸ್ ಚಿತ್ರವನ್ನು ತಲೆಕೆಳಗು ಮಾಡುವುದರಿಂದ ರಸ್ತೆಯ ಮೇಲೆ ಮೇಲ್ಭಾಗ ಕತ್ತರಿಸಿದಂತೆ ಕಾಣುತ್ತದೆ. ಹೈ ಹಾಕಿದಾಗ ಸೊಲೆನಾಯ್ಡ್ (ಕರೆಂಟ್ ಕೊಟ್ಟರೆ ಎಳೆಯುವ ಮ್ಯಾಗ್ನೆಟ್) ಆ ಶಟರನ್ನು ಬೀಳಿಸುತ್ತದೆ. ಎಚ್4 ಕಾರುಗಳಿಗೆ 2.5 ಇಂಚಿನ ಪ್ರೊಜೆಕ್ಟರ್ ಅನುಕೂಲ, ಬಲ್ಬಿನ ತೂತಿನ ಮೂಲಕವೇ ಹಿಂದಿನಿಂದ ನಟ್ ಹಾಕಿ ಬಿಗಿಯಬಹುದು, ರಿಫ್ಲೆಕ್ಟರ್ ಕೊಯ್ಯಬೇಕಾಗಿಲ್ಲ.

ಇಲ್ಲಿ ಒಂದು ವಿಷಯವನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ನಾವು ರಸ್ತೆಯ ಎಡಕ್ಕೆ ಓಡಿಸುವವರು. ಲೋ ಬೀಮಿನ ಬೆಳಕು ಮೇಲೆ ಮುಗಿಯುವ ಗೆರೆ ಎಡಕ್ಕೆ ಏರಬೇಕು, ಬಲಕ್ಕೆ ಚಪ್ಪಟೆ ಇರಬೇಕು. ಬಲಕ್ಕೆ ಓಡಿಸುವ ದೇಶಗಳಿಗೆ ಮಾಡಿದ ಪ್ರೊಜೆಕ್ಟರುಗಳೂ ಮಾರುಕಟ್ಟೆಯಲ್ಲಿ ಧಾರಾಳವಾಗಿ ಇವೆ, ಅವುಗಳಲ್ಲಿ ಗೆರೆ ಬಲಕ್ಕೆ ಏರುತ್ತದೆ. ಅಂದರೆ ನೇರ ಎದುರಿನವರ ಮುಖಕ್ಕೆ. ಡಬ್ಬದ ಮೇಲೆ ಆರ್‌ಎಚ್‌ಡಿ (ಸ್ಟೀರಿಂಗ್ ಬಲಕ್ಕಿರುವ ಕಾರಿಗೆ) ಎಂದಿದ್ದರೆ ಸಾಲದು. ಅಂಗಡಿಯಲ್ಲೇ 12 ವೋಲ್ಟ್ ಬ್ಯಾಟರಿಗೆ ಜೋಡಿಸಿ, ಗೋಡೆಗೆ ಹಿಡಿದು, ಎಡಗಡೆ ಮೆಟ್ಟಿಲು ಏರುವುದನ್ನು ಕಣ್ಣಾರೆ ನೋಡಿಯೇ ದುಡ್ಡು ಕೊಡಿ.

ಬಲ್ಬಿನ ಬಣ್ಣಕ್ಕೆ ಬಂದಾಗ ಅಂಗಡಿಯ ಹುಡುಗ ಹೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: "ಸಾರ್, 8000 ಹಾಕಿಸ್ಕೊಳಿ, ಸಖತ್ತಾಗಿರುತ್ತೆ." "ಬೇಡಪ್ಪ, 4300 ಕೊಡು" ಎನ್ನಿ. ಕೆಲ್ವಿನ್ ಎಂದರೆ ಬಣ್ಣದ ಅಳತೆ, ಬೆಳಕಿನ ಪ್ರಮಾಣದ್ದಲ್ಲ. ಕಾರಿನ ಕಂಪನಿಗಳು ಹಾಕುವುದು 4300ರ ಆಸುಪಾಸಿನದ್ದನ್ನೇ, ಅತಿ ಹೆಚ್ಚು ಬೆಳಕು ಸಿಗುವುದೂ ಅಲ್ಲೇ. 6000ಕ್ಕೆ ಹೋದಂತೆ ಬೆಳಕು ಇಳಿಯುತ್ತದೆ, 8000ಕ್ಕೆ ನೀಲಿ ತಿರುಗುತ್ತದೆ, ಮಳೆಯಲ್ಲಿ ಒದ್ದೆಯಾದ ಡಾಂಬರಿನ ಮೇಲೆ ಆ ನೀಲಿ ಬೆಳಕು ಬಿದ್ದದ್ದೇ ಗೊತ್ತಾಗುವುದಿಲ್ಲ.

ಪ್ರೊಜೆಕ್ಟರಿಗೆ ಬೇಕಾದ ಬಲ್ಬ್ ಹೆಸರಿನ ಕೊನೆಗೆ ಎಸ್ ಇರಬೇಕು, ಡಿ2ಎಸ್ ಎಂಬಂತೆ. ಆರ್ ಎಂದಿರುವುದು ಕ್ಸೆನಾನ್‌ಗೆಂದೇ ಮಾಡಿದ ರಿಫ್ಲೆಕ್ಟರಿಗೆ. 2.5 ಇಂಚಿನ ಕೆಲವು ಪ್ರೊಜೆಕ್ಟರುಗಳಿಗೆ ಎಚ್1 ಬುಡದ ಎಚ್‌ಐಡಿ ಬಲ್ಬ್ ಬೇಕು, ಕೇಳಿ ತೆಗೆದುಕೊಳ್ಳಿ. ಸ್ಕೋಡಾ ಸೂಪರ್ಬ್ ಥರದ ಕಾರುಗಳಿಂದ ಬಿಚ್ಚಿದ ಮೂಲ ಪ್ರೊಜೆಕ್ಟರ್ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಕ್ಕರೆ ಗುಣಮಟ್ಟ ಬಹಳ ಚೆನ್ನಾಗಿರುತ್ತದೆ, ಆದರೆ ಬಿಲ್ ಇಲ್ಲದ ಮಾಲನ್ನು ಮುಟ್ಟಬೇಡಿ.

ನಿಮ್ಮ ಕಾರಿನ ಮೂಲ ಹೆಡ್‌ಲೈಟನ್ನೇ ಬಿಚ್ಚುವ ಬದಲು ಇನ್ನೊಂದು ಜೋಡಿ ಅಸೆಂಬ್ಲಿ ಕೊಂಡು ಅದರ ಮೇಲೆ ಕೆಲಸ ಮಾಡಿ. ಆತುರ ಇರುವುದಿಲ್ಲ. ನಾಳೆ ಕಾರು ಮಾರುವಾಗ ಅಥವಾ ಬೇಡ ಅನಿಸಿದಾಗ ಮೂಲದ್ದನ್ನು ವಾಪಸ್ ಕೂರಿಸಬಹುದು.

ಹಂತ 4: ಬಿಚ್ಚುವ ಮುಂಚೆ ಗೋಡೆಗೆ ಗುರುತು

ಸಮತಟ್ಟಾದ ನೆಲ, ಎದುರಿಗೊಂದು ಗೋಡೆ ಬೇಕು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಇದಕ್ಕೆ ಹೇಳಿ ಮಾಡಿಸಿದ ಜಾಗ, ಆದರೆ ನೀರು ಹರಿಯಲು ನೆಲಕ್ಕೆ ಇಳಿಜಾರು ಕೊಟ್ಟಿದ್ದಾರೋ ನೋಡಿಕೊಳ್ಳಿ. ಟಯರಿಗೆ ಸರಿಯಾದ ಗಾಳಿ, ಅರ್ಧ ಟ್ಯಾಂಕ್ ಪೆಟ್ರೋಲು, ಡ್ರೈವರ್ ಸೀಟಿನಲ್ಲಿ ಒಬ್ಬರು. ಲೆವೆಲಿಂಗ್ ಚಕ್ರ (ಒಳಗಿನಿಂದಲೇ ಹೆಡ್‌ಲೈಟ್ ಏರಿಸಿ ಇಳಿಸುವ ಚಕ್ರ) ಸೊನ್ನೆಯಲ್ಲಿ. ಹೆಡ್‌ಲೈಟಿನಿಂದ ಗೋಡೆಗೆ ಸರಿಯಾಗಿ 5 ಮೀಟರ್. ಈಗಿನ ಲೋ ಬೀಮಿನ ಗೆರೆ ಎಲ್ಲಿ ಬೀಳುತ್ತದೋ ಅಲ್ಲಿ ಮಾಸ್ಕಿಂಗ್ ಟೇಪ್ ಹಚ್ಚಿ. ಕಾರಿನ ನಡು ಗೆರೆ, ಎರಡೂ ಲೈಟುಗಳ ನಡು ಗೆರೆಗಳನ್ನೂ ಗುರುತಿಸಿ. ಚಕ್ರ ನಿಂತ ಜಾಗಕ್ಕೆ ಸೀಮೆಸುಣ್ಣದ ಗೆರೆ ಎಳೆದಿಡಿ.

ಹಂತ 5: ಅಸೆಂಬ್ಲಿ ತೆರೆದು ಪ್ರೊಜೆಕ್ಟರ್ ಕೂರಿಸುವುದು

ಗ್ಲಾಸನ್ನು ಅಂಟಿಸಿರುವುದು ಬ್ಯುಟೈಲ್ (ರಬ್ಬರಿನಂಥ ಅಂಟು) ಆದರೆ ಬಿಸಿಗೆ ಮೆತ್ತಗಾಗುತ್ತದೆ. ಗಟ್ಟಿಯಾಗುವ ಬೇರೆ ಅಂಟು ಬಳಸಿದ ಅಸೆಂಬ್ಲಿ ಎಷ್ಟು ಬಿಸಿ ಮಾಡಿದರೂ ಬಿಡುವುದಿಲ್ಲ, ಅಂಥದ್ದನ್ನು ಕೊಳ್ಳುವಾಗಲೇ ಬಿಟ್ಟುಬಿಡಿ. ಮೊದಲು ಬಲ್ಬ್, ರಬ್ಬರ್ ಕವರ್, ಸ್ಕ್ರೂ, ಕ್ಲಿಪ್ ಎಲ್ಲಾ ತೆಗೆಯಿರಿ. ಹೀಟ್ ಗನ್ನನ್ನು ಒಂದೇ ಕಡೆ ನಿಲ್ಲಿಸದೆ ಅಂಚಿನುದ್ದಕ್ಕೂ ಆಡಿಸುತ್ತಾ ಬನ್ನಿ. ಒಂದು ಮೂಲೆಯಿಂದ ಪ್ಲಾಸ್ಟಿಕ್ ಮೀಟುಗೋಲು ಹಾಕಿ ನಿಧಾನವಾಗಿ ಎಬ್ಬಿಸಿ. ಅಂಟು ಎಳೆಎಳೆಯಾಗಿ ಬಂದರೆ ಬಿಸಿ ಸರಿಯಾಗಿದೆ, ಕಟಕಟ ಸದ್ದು ಬಂದರೆ ಇನ್ನೂ ಬಿಸಿ ಬೇಕು. ರಿಫ್ಲೆಕ್ಟರಿನ ಬೆಳ್ಳಿಗೆ ಬೆರಳು ತಾಗಿಸಬೇಡಿ, ಬಟ್ಟೆಯಲ್ಲಿ ಒರೆಸಲೂಬೇಡಿ.

ಪ್ರೊಜೆಕ್ಟರನ್ನು ಮುಂದಿನಿಂದ ತೂರಿಸಿ ಹಿಂದೆ ನಟ್ ಕೈಯಲ್ಲಿ ಮಾತ್ರ ಬಿಗಿ ಮಾಡಿ. ಈ ಹಂತದಲ್ಲೇ ಅಸೆಂಬ್ಲಿಯನ್ನು ಗ್ಲಾಸ್ ಇಲ್ಲದೆ ಕಾರಿಗೆ ಕೂರಿಸಿ, ಲೈಟ್ ಹಾಕಿ, ಗೋಡೆಯ ಮೇಲೆ ಗೆರೆ ನೋಡಬೇಕು. ಗೆರೆ ಓರೆಯಾಗಿದ್ದರೆ ಪ್ರೊಜೆಕ್ಟರನ್ನು ಕೂದಲೆಳೆಯಷ್ಟು ತಿರುಗಿಸಿ. ಎಡಬಲ ಎರಡೂ ಟೇಪಿಗೆ ಸಮನಾಗಿ ಬಂದ ಮೇಲೆ ನಟ್ ಪೂರ್ತಿ ಬಿಗಿಯಿರಿ. ಮೇಲೆ ಕೆಳಗೆ ಹೊಂದಿಸಲು ಆಮೇಲೂ ಸ್ಕ್ರೂ ಇರುತ್ತದೆ. ಓರೆ ಸರಿಪಡಿಸಲು ಮಾತ್ರ ಮತ್ತೆ ಗ್ಲಾಸ್ ಬಿಚ್ಚಬೇಕು. ಆದ್ದರಿಂದ ಇದಕ್ಕೆ ಒಂದಿಡೀ ಸಂಜೆ ಹೋದರೂ ಪರವಾಗಿಲ್ಲ.

ಮುಚ್ಚುವಾಗ ಹಳೆಯ ಅಂಟನ್ನು ಕೆರೆದು ಹೊಸ ಬ್ಯುಟೈಲ್ ಹಗ್ಗ ಕೂರಿಸಿ, ಮತ್ತೆ ಬಿಸಿ ಮಾಡಿ ಒತ್ತಿ, ಸ್ಕ್ರೂ ಕ್ಲಿಪ್ ಹಾಕಿ. ಹಾರ್ಡ್‌ವೇರ್ ಅಂಗಡಿಯ ವಿನೆಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆವಿ ರಿಫ್ಲೆಕ್ಟರನ್ನು ಮಸುಕು ಮಾಡುತ್ತದೆ. ಫೆವಿಕ್ವಿಕ್ ಥರದ ಅಂಟೂ ಅಷ್ಟೇ. ಗಾಳಿಯಾಡಲು ಕಂಪನಿ ಕೊಟ್ಟ ಸಣ್ಣ ರಂಧ್ರಗಳನ್ನು ಮುಚ್ಚಬೇಡಿ, ಮುಚ್ಚಿದರೆ ಮಳೆಗಾಲದಲ್ಲಿ ಒಳಗೆ ಹಬೆ ಕೂರುತ್ತದೆ.

ಹಂತ 6: ಬ್ಯಾಲಸ್ಟ್ ಮತ್ತು ಹೈ ವೋಲ್ಟೇಜ್

ಇಲ್ಲಿ ಹುಡುಗಾಟ ಬೇಡ. ಎಚ್‌ಐಡಿ ಹೊತ್ತುವ ಕ್ಷಣದಲ್ಲಿ ಬಲ್ಬಿಗೆ 20,000 ವೋಲ್ಟಿಗೂ ಮೇಲೆ ಹೋಗುತ್ತದೆ. ಹೊತ್ತಿದ ಮೇಲೂ ಡಿ2ಎಸ್ 85 ವೋಲ್ಟಿನಲ್ಲಿ ಓಡುತ್ತದೆ. ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಬಲ್ಬ್ ಜೋಡಿಸದೆ ಬ್ಯಾಲಸ್ಟಿಗೆ ಕರೆಂಟ್ ಕೊಡಬೇಡಿ. ಬಲ್ಬಿನೊಳಗೆ ಅನಿಲ ಭಾರೀ ಒತ್ತಡದಲ್ಲಿರುತ್ತದೆ, ಕೂರಿಸುವಾಗ ಕನ್ನಡಕ ಹಾಕಿಕೊಳ್ಳಿ, ಗಾಜಿನ ಭಾಗ ಮುಟ್ಟಬೇಡಿ. ಇದಕ್ಕೆ ಧೈರ್ಯ ಸಾಲದಿದ್ದರೆ ಈ ಹಂತವೊಂದನ್ನು ಅನುಭವಿ ಆಟೋ ಎಲೆಕ್ಟ್ರಿಷಿಯನ್ ಕೈಗೆ ಕೊಡಿ.

ಬ್ಯಾಲಸ್ಟನ್ನು ಟ್ಯಾಗಿನಲ್ಲಿ ನೇತುಹಾಕದೆ ಬ್ರ್ಯಾಕೆಟ್ ಹಾಕಿ ಬಾಡಿಗೆ ಸ್ಕ್ರೂ ಮಾಡಿ. ಜಾಗ ಎತ್ತರದಲ್ಲಿರಲಿ. ಬಂಪರಿನ ಕೆಳಗೆ ಇಟ್ಟರೆ ಅಂಡರ್‌ಪಾಸ್ ನೀರಿಗೆ ಒಂದೇ ಮಳೆಗೆ ಹೋಗುತ್ತದೆ. ರೇಡಿಯೇಟರ್ ಫ್ಯಾನಿನ ಬಿಸಿಯಿಂದಲೂ ದೂರ ಇರಲಿ. ಬ್ಯಾಲಸ್ಟಿನಿಂದ ಬಲ್ಬಿಗೆ ಹೋಗುವ ವೈರನ್ನು ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಸೆನ್ಸರ್ ವೈರುಗಳ ಜೊತೆ ಕಟ್ಟಬೇಡಿ. ಅರ್ಥ್ ಕೊಡುವ ಕಡೆ ಬಣ್ಣ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಮಾಡಿ. ಎಲ್ಲಾ ವೈರಿಗೂ ಸ್ಲೀವ್ ಹಾಕಿ. ಬೇಸ್‌ಮೆಂಟ್ ಪಾರ್ಕಿಂಗಿನ ಇಲಿ ಹೆಗ್ಗಣಗಳಿಗೆ ಬಾನೆಟ್ ಒಳಗಿನ ಹೊಸ ವೈರು ಅಂದ್ರೆ ಬಲು ಇಷ್ಟ.

ಹಾರ್ನೆಸ್ ಬೈ-ಕ್ಸೆನಾನ್‌ಗೆಂದೇ ಮಾಡಿದ್ದಾಗಿರಬೇಕು. ಮಾಮೂಲಿ ಎಚ್4 ಕಾರಿನಲ್ಲಿ ಹೈ ಹಾಕಿದ ಕೂಡಲೇ ಲೋ ಕಟ್ ಆಗುತ್ತದೆ. ಎಚ್‌ಐಡಿಯಲ್ಲಿ ಹಾಗಾದರೆ ದೀಪವೇ ಆರಿ ಕತ್ತಲು. ಹೈ ಹಾಕಿದಾಗಲೂ ಬ್ಯಾಲಸ್ಟ್ ಉರಿಯುತ್ತಲೇ ಇದ್ದು, ಸೊಲೆನಾಯ್ಡಿಗೆ ಮಾತ್ರ ಕರೆಂಟ್ ಹೋಗಬೇಕು. ಹೊತ್ತುವಾಗ ಬ್ಯಾಲಸ್ಟ್ ಎಳೆಯುವ ಕರೆಂಟ್, ಓಡುವಾಗಿನ 3 ಆಂಪಿಯರ್ ಚಿಲ್ಲರೆಗಿಂತ ಎಷ್ಟೋ ಜಾಸ್ತಿ. ಹಂತ 2ರಲ್ಲಿ ಹೇಳಿದ ದಪ್ಪ ವೈರು ಮತ್ತು ಫ್ಯೂಸ್ ಇಲ್ಲೂ ಬೇಕು.

ಹಂತ 7: ಗೆರೆ ಹೊಂದಿಸುವುದು

ನೆಲದಿಂದ ಪ್ರೊಜೆಕ್ಟರ್ ಲೆನ್ಸಿನ ನಡುವಿನವರೆಗೆ ಅಳೆಯಿರಿ. 65 ಸೆಂ.ಮೀ. ಇದೆ ಎಂದುಕೊಳ್ಳಿ. ಪ್ರತಿ ಮೀಟರಿಗೆ 1ರಿಂದ 1.5 ಸೆಂ.ಮೀ. ಇಳಿಯಬೇಕು. 5 ಮೀಟರ್ ದೂರದ ಗೋಡೆಯಲ್ಲಿ ಬಲಗಡೆಯ ಚಪ್ಪಟೆ ಗೆರೆ 60 ಮತ್ತು 57.5 ಸೆಂ.ಮೀ. ನಡುವೆ ಬೀಳಬೇಕು. ಗೆರೆ ಮೆಟ್ಟಿಲೇರುವ ಮೂಲೆ ಆ ಲೈಟಿನ ನಡು ಗೆರೆಗೆ ನೇರ ಬರಬೇಕು. ಮೊದಲು ಅಂಟಿಸಿದ ಟೇಪಿನ ಜೊತೆ ತಾಳೆ ನೋಡಿ, ತುಂಬಾ ವ್ಯತ್ಯಾಸ ಬಂದರೆ ಎಲ್ಲೋ ಅಳತೆ ತಪ್ಪಿದೆ ಎಂದೇ ಅರ್ಥ.

ಈ ಲೆಕ್ಕ ಯಾಕೆ ಇಷ್ಟು ಮುಖ್ಯ? 65 ಸೆಂ.ಮೀ. ಎತ್ತರದ ಲೈಟು ಮೀಟರಿಗೆ 1 ಸೆಂ.ಮೀ. ಇಳಿದರೆ ಗೆರೆ 65 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. 1.5 ಇಳಿದರೆ 43 ಮೀಟರಿಗೇ ಮುಗಿಯುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಅಂದರೆ ಅರ್ಧ ಸೆಂಟಿಮೀಟರಿನ ವ್ಯತ್ಯಾಸಕ್ಕೆ ನಿಮ್ಮ ಕೈಗೆ ಸಿಗುವ ಸಮಯದಲ್ಲಿ ಒಂದು ಸೆಕೆಂಡ್ ಆಚೀಚೆ. ಮೇಲಕ್ಕೆ ಎತ್ತಿದರೆ ಇನ್ನೂ ದೂರ ಕಾಣುತ್ತದಲ್ವಾ ಎಂದು ಅನಿಸಬಹುದು. 1ಕ್ಕಿಂತ ಮೇಲೆ ಎತ್ತಿದರೆ ಎದುರಿನ ಆಲ್ಟೊ, ಸ್ಕೂಟರು, ಆಟೋದವರ ಕಣ್ಣಿಗೆ 3200 ಲ್ಯೂಮೆನ್ ನೇರವಾಗಿ ಹೋಗುತ್ತದೆ. ಒಂದು ಕ್ಷಣ ಕಣ್ಣು ಕತ್ತಲೆಯಾದವರು ನಿಮ್ಮ ಕಡೆಗೇ ವಾಲಿದರೂ ಆಶ್ಚರ್ಯವಿಲ್ಲ.

ಗೋಡೆ ಮುಗಿದ ಮೇಲೆ ಗೆಳೆಯರೊಬ್ಬರನ್ನು ನಿಮ್ಮ ಕಾರಿನಲ್ಲಿ ಕೂರಿಸಿ, ನೀವು ಒಂದು ಸಣ್ಣ ಕಾರಿನಲ್ಲಿ ಎದುರಿಗೆ ಬನ್ನಿ. ಆಮೇಲೆ ಸ್ಕೂಟರಿನಲ್ಲಿ ಬನ್ನಿ. ಕಣ್ಣಿಗೆ ಚುಚ್ಚಿದರೆ ವಾಪಸ್ ಗೋಡೆಗೆ.

2000 ಲ್ಯೂಮೆನ್‌ಗಿಂತ ಹೆಚ್ಚಿನ ಬಲ್ಬ್ ಇರುವ ಹೆಡ್‌ಲೈಟಿಗೆ ತಾನಾಗೇ ಲೆವೆಲ್ ಹೊಂದುವ ವ್ಯವಸ್ಥೆ ಮತ್ತು ವಾಷರ್ ಇರಬೇಕು ಎಂದು ಯುರೋಪಿನ ನಿಯಮ ಹೇಳುವುದು ಸುಮ್ನೆ ಅಲ್ಲ. ಹಬ್ಬಕ್ಕೆ ಊರಿಗೆ ಹೊರಟಾಗ ಹಿಂದೆ ಮೂವರು, ಡಿಕ್ಕಿ ತುಂಬಾ ಲಗೇಜು ಆದರೆ ಮೂತಿ ಮೇಲೇರುತ್ತದೆ. ನಿಮ್ಮ ಲೆವೆಲಿಂಗ್ ಚಕ್ರ 2ಕ್ಕೋ 3ಕ್ಕೋ ತಿರುಗಿಸುವ ಅಭ್ಯಾಸ ಮಾಡಿಕೊಳ್ಳಿ. ಅದರ ಮೋಟಾರಿನ ಕಪ್ಲರನ್ನು ಜೋಡಿಸುವಾಗ ಮರೆಯಬೇಡಿ. ಗ್ಲಾಸಿನ ಮೇಲೆ ಕೆಸರು ಕೂತರೂ ಬೆಳಕು ಚದುರಿ ಮೇಲೆ ಹಾರುತ್ತದೆ, ಪೆಟ್ರೋಲ್ ಬಂಕಿನಲ್ಲಿ ನಿಂತಾಗ ಒಮ್ಮೆ ಒರೆಸಿ.

ಬಳಸುವಾಗ

ಎಚ್‌ಐಡಿ ಪೂರ್ತಿ ಬೆಳಕಿಗೆ ಬರಲು ಕೆಲವು ಸೆಕೆಂಡ್ ಬೇಕು. ಹಾಗಾಗಿ ಹಗಲಿನಲ್ಲಿ ಲೈಟ್ ಆಫ್ ಇದ್ದಾಗ ಪಾಸ್ ಲೈಟ್ ಹೊಡೆಯುವ ಅಭ್ಯಾಸ ಬಿಡಿ. ಪದೇ ಪದೇ ಹೊತ್ತಿಸಿ ಆರಿಸಿದರೆ ಬಲ್ಬಿನ ಆಯಸ್ಸೂ ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಕಾರಿನ ಮೂತಿಯನ್ನು ನೇರ ಬಿಸಿಲಿಗೆ ಮಾಡಿ ಗಂಟೆಗಟ್ಟಲೆ ನಿಲ್ಲಿಸಬೇಡಿ. ಪ್ರೊಜೆಕ್ಟರ್ ಲೆನ್ಸ್ ಬಿಸಿಲನ್ನು ಒಂದೇ ಕಡೆ ಸೇರಿಸಿ ಒಳಗಿನ ಪ್ಲಾಸ್ಟಿಕ್ ಸುಡುತ್ತದೆ. ಶಿರಾಡಿ, ಚಾರ್ಮಾಡಿಯ ಮಂಜಿನಲ್ಲಿ ಎಷ್ಟು ಬಲದ ಹೈ ಬೀಮ್ ಆದರೂ ಬಿಳಿ ಗೋಡೆಯಂತೆ ವಾಪಸ್ ಬರುತ್ತದೆ. ಅಲ್ಲಿ ಲೋ ಬೀಮ್ ಮತ್ತು ನಿಧಾನವೇ ಸರಿ.

ಬೆಳಕು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅಥವಾ ಆಗಾಗ ಆರಿ ಹೊತ್ತಿದರೆ ಬಲ್ಬಿನ ಕಾಲ ಮುಗಿಯುತ್ತಿದೆ. ಎರಡನ್ನೂ ಒಟ್ಟಿಗೆ ಬದಲಿಸಿ, ಒಂದನ್ನೇ ಬದಲಿಸಿದರೆ ಎಡಕ್ಕೊಂದು ಬಣ್ಣ ಬಲಕ್ಕೊಂದು ಬಣ್ಣ ಆಗುತ್ತದೆ. ಬಲ್ಬ್ ಹೊಸದಾದರೂ ಮಿಣುಕಿದರೆ ಮೊದಲು ಅರ್ಥ್ ಬೋಲ್ಟ್, ಆಮೇಲೆ ಬ್ಯಾಲಸ್ಟ್ ನೋಡಿ. ಸಸ್ಪೆನ್ಷನ್ ಕೆಲಸ ಮಾಡಿಸಿದರೆ, ಟಯರ್ ಸೈಜ್ ಬದಲಿಸಿದರೆ, ಮುಂದೆ ಸಣ್ಣ ಡಿಕ್ಕಿಯಾದರೆ ಮತ್ತೆ ಗೋಡೆಯ ಎದುರು ಗೆರೆ ನೋಡಲೇಬೇಕು.

ಡಿ1, ಡಿ2 ಬಲ್ಬುಗಳಲ್ಲಿ ಪಾದರಸ ಇರುತ್ತದೆ. ಡಿ3, ಡಿ4 ಪಾದರಸ ಇಲ್ಲದವು, ಆದರೆ 42 ವೋಲ್ಟಿನಲ್ಲಿ ಓಡುವುದರಿಂದ ಅವುಗಳ ಬ್ಯಾಲಸ್ಟ್ ಬೇರೆ, ಒಂದಕ್ಕೆ ಇನ್ನೊಂದನ್ನು ಹಾಕಲಾಗುವುದಿಲ್ಲ. ಸುಟ್ಟುಹೋದ ಬಲ್ಬನ್ನು ಮನೆಯ ಕಸದ ಜೊತೆ ಕೊಡಬೇಡಿ, ಒಡೆದರೆ ಕಸ ವಿಂಗಡಿಸುವವರ ಕೈಗೆ ತಾಗುತ್ತದೆ. ಹೊಸ ಬಲ್ಬಿನ ಡಬ್ಬದಲ್ಲೇ ಹಳೆಯದನ್ನು ಇಟ್ಟು ಟೇಪ್ ಸುತ್ತಿ, ಇ-ತ್ಯಾಜ್ಯ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.